ಪೈಲಟ್ ಆಗಲು ಜೀವನದಲ್ಲಿ ಒಂದೇ ಸಲ ಅವಕಾಶ: ಈ ಪದ್ಧತಿ ಬದಲಾಗಬೇಕಾ?

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕಿ. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಡಿಗ್ರಿ ಮುಗಿಸಿ, ವಾಯುಪಡೆಯ ಅಧಿಕಾರಿ ಹುದ್ದೆಗೆ ನಡೆಯುವ ಎಎಫ್‌ಕ್ಯಾಟ್ ಪ್ರವೇಶ ಪರೀಕ್ಷೆ ಬರೆದಳು. ಆಯ್ಕೆ ಮಂಡಳಿಯ ಐದು ದಿನದ ಪರೀಕ್ಷೆಯಲ್ಲೂ ಪಾಸಾದಳು. ಆದರೆ ಸಿಪಿಎಸ್‌ಎಸ್ ಅನ್ನುವ ಕಂಪ್ಯೂಟರ್ ಪರೀಕ್ಷೆಯಲ್ಲಿ ಫೇಲ್. ಇನ್ನು ಜೀವನದಲ್ಲಿ ಅದನ್ನು ಮತ್ತೆ ಕೊಡುವ ಹಾಗಿಲ್ಲವಂತೆ. ಜಾಯ್‌ಸ್ಟಿಕ್ ಅನ್ನುವುದನ್ನು ಅವಳು ಮುಟ್ಟಿದ್ದೇ ಅವತ್ತು. ಇದು ಸರಿಯಾ? ಪೈಲಟ್‌ಗಳನ್ನು ಆರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲವಾ? ಈ ವರ್ಷ ಇನ್ನೊಬ್ಬ ಹುಡುಗ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಓದುತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೇಡಂ, ನಮಸ್ಕಾರ ರೀ.

ಮೊದಲು ನಿಯಮದ ಮಾತು ಮುಗಿಸೋಣ. ನಿಮ್ಮ ಹುಡುಗಿಗೆ ಹೇಳಿದ್ದು ನಿಜ. ಸಿಪಿಎಸ್‌ಎಸ್, ಅಂದರೆ ಕಂಪ್ಯೂಟರೈಸ್ಡ್ ಪೈಲಟ್ ಸೆಲೆಕ್ಷನ್ ಸಿಸ್ಟಂ, ಜೀವನದಲ್ಲಿ ಒಂದೇ ಸಲ. ಅದಕ್ಕೂ ಮುಂಚೆ ಇದ್ದ ಪಿಎಬಿಟಿ ಅನ್ನುವ ಪೈಲಟ್ ಪರೀಕ್ಷೆಗೂ ಇದೇ ನಿಯಮ ಇತ್ತು. ಎಸ್‌ಎಸ್‌ಬಿಗೆ, ಅಂದರೆ ನೀವು ಹೇಳಿದ ಐದು ದಿನದ ಆಯ್ಕೆ ಮಂಡಳಿಗೆ, ವಯಸ್ಸು ಮೀರುವವರೆಗೂ ಮತ್ತೆ ಮತ್ತೆ ಹೋಗಬಹುದು, ಎರಡು ಸಲ ಬೇಡ ಅನ್ನಿಸಿಕೊಂಡವರು ಮೂರನೇ ಸಲ ಆಯ್ಕೆಯಾಗಿ ಚೆನ್ನಾಗಿ ನೌಕರಿ ಮಾಡಿದ್ದನ್ನು ನಾನೇ ನೋಡಿದ್ದೇನೆ. ಸಿಪಿಎಸ್‌ಎಸ್‌ಗೆ ಮಾತ್ರ ಆ ಅವಕಾಶ ಇಲ್ಲ. ಅಲ್ಲಿ ಫೇಲ್ ಅಂದರೆ ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್ ಬಾಗಿಲು ಮುಚ್ಚಿತು, ನೌಕಾಪಡೆಯ ಪೈಲಟ್ ಬಾಗಿಲೂ ಮುಚ್ಚಿತು. ವಿಮಾನ ಹಾರಿಸದ ಗ್ರೌಂಡ್ ಡ್ಯೂಟಿ ಶಾಖೆಗಳಿಗೆ ಅಡ್ಡಿ ಇಲ್ಲ.

ಸರಿಯಾ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯ ಇದು: ಪರೀಕ್ಷೆ ಬೇಕೇ ಬೇಕು, ಆದರೆ ಅದು ಅಳೆಯುವ ರೀತಿ ಬದಲಾಗಬೇಕು. ಇವತ್ತು ನಿನಗೆ ಎಷ್ಟು ಬರುತ್ತದೆ ಅಂತ ನಾವು ಕೇಳುತ್ತಿದ್ದೇವೆ. ನೀನು ಎಷ್ಟು ಬೇಗ ಕಲಿಯುತ್ತೀಯ ಅಂತ ಕೇಳಬೇಕು. ಹಾರಾಟದ ತರಬೇತಿಯಲ್ಲಿ ಹುಡುಗರು ಉಳಿಯುವುದೂ ಹೊರಗೆ ಹೋಗುವುದೂ ಆ ಎರಡನೇ ಪ್ರಶ್ನೆಯ ಮೇಲೆ. ನಾನು ಬೀದರ್‌ನಲ್ಲಿ ಹುಡುಗರಿಗೆ ಹಾರಾಟ ಕಲಿಸಿದವನು, ನಿವೃತ್ತಿ ಆದಮೇಲೂ ಇಲ್ಲೇ ಉಳಿದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ಪರೀಕ್ಷೆ ಹೇಗಿರುತ್ತದೆ ಅಂತ ನಿಮ್ಮ ಉಳಿದ ಮಕ್ಕಳಿಗೂ ಗೊತ್ತಾಗಲಿ. ಹಳೆಯ ಪಿಎಬಿಟಿಯಲ್ಲಿ ಮೊದಲು ಒಂದು ಕಾಗದದ ಪರೀಕ್ಷೆ. ಕಾಕ್‌ಪಿಟ್ಟಿನ ಡಯಲ್‌ಗಳ ಚಿತ್ರ ಕೊಡುತ್ತಿದ್ದರು. ಎತ್ತರ ತೋರಿಸುವುದು, ವೇಗ ತೋರಿಸುವುದು, ದಿಕ್ಕು ತೋರಿಸುವುದು, ವಿಮಾನ ಯಾವ ಕಡೆ ವಾಲಿದೆ ಅಂತ ತೋರಿಸುವುದು. ಮುಳ್ಳುಗಳನ್ನು ನೋಡಿ, ವಿಮಾನ ಏರುತ್ತಿದೆಯಾ ಇಳಿಯುತ್ತಿದೆಯಾ, ಎಡಕ್ಕೆ ತಿರುಗುತ್ತಿದೆಯಾ ಬಲಕ್ಕಾ ಅಂತ ಬೇಗ ಬೇಗ ಗುರುತು ಹಾಕಬೇಕು. ಆಮೇಲೆ ಯಂತ್ರದ ಮುಂದೆ ಕೂರಿಸುತ್ತಿದ್ದರು. ಕೈಯಲ್ಲಿ ಸ್ಟಿಕ್, ಕಾಲ ಕೆಳಗೆ ಎರಡು ಪೆಡಲ್. ಪರದೆಯ ಮೇಲೆ ಬೆಳಕಿನ ಚುಕ್ಕೆಯೊಂದು ಜಾರುತ್ತಲೇ ಇರುತ್ತದೆ, ಅದನ್ನು ನಡುವಿನ ಚೌಕದಲ್ಲಿ ಹಿಡಿದಿಡಬೇಕು. ಅಷ್ಟರಲ್ಲಿ ಪಕ್ಕದಲ್ಲಿ ದೀಪ ಹತ್ತುತ್ತದೆ, ಕಿವಿಗೆ ಸದ್ದು ಬರುತ್ತದೆ, ಎಡಗೈಯಲ್ಲಿ ಅದನ್ನು ನಿಲ್ಲಿಸಬೇಕು. ದೀಪದ ಕಡೆ ಹೋದರೆ ಚುಕ್ಕೆ ಓಡಿಹೋಯಿತು, ಚುಕ್ಕೆಯನ್ನೇ ನೋಡುತ್ತಾ ಕೂತರೆ ದೀಪ ಉರಿಯುತ್ತಲೇ ಉಳಿಯಿತು. ಇದನ್ನೆಲ್ಲ ಕಂಪ್ಯೂಟರಿಗೆ ತಂದು ಸಿಪಿಎಸ್‌ಎಸ್ ಮಾಡಿದವರು ಡಿಆರ್‌ಡಿಒದವರು, ದೆಹಲಿಯ ಮನೋವಿಜ್ಞಾನ ಸಂಸ್ಥೆ ಡಿಐಪಿಆರ್ ಮತ್ತು ಬೆಂಗಳೂರಿನ ಒಂದು ಪ್ರಯೋಗಾಲಯ. ಅಳೆಯುವ ಗುಣಗಳು ಹೆಚ್ಚುಕಡಿಮೆ ಅವೇ: ಕೈ, ಕಾಲು, ಕಣ್ಣು, ಕಿವಿ ಒಟ್ಟಿಗೆ ಕೆಲಸ ಮಾಡುತ್ತವಾ, ಗಮನ ಹಂಚಲು ಬರುತ್ತದಾ.

ಮೊದಲ ಸಲ ಕೂತವರಲ್ಲಿ ಕೆಡುವುದು ಕೈಯಲ್ಲ, ಕಾಲು. ಹೆದರಿದ ಕೂಡಲೇ ಎರಡೂ ಪೆಡಲ್ ಮೇಲೆ ಒಟ್ಟಿಗೆ ಭಾರ ಹಾಕಿ ಬಿಗಿ ಹಿಡಿಯುತ್ತಾರೆ. ಆಗ ಎಡಗಾಲು ಒತ್ತಿದರೂ ಬಲಗಾಲು ಬಿಡುವುದಿಲ್ಲ, ಚುಕ್ಕೆ ಇದ್ದಲ್ಲೇ ಒದ್ದಾಡುತ್ತದೆ. ಮೊಣಕಾಲು ಸಡಿಲ ಬಿಡು ಅಂತ ಒಂದು ಮಾತು ಹೇಳಿದರೆ ಸಾಕು, ಎಷ್ಟೋ ಹುಡುಗರು ಅಲ್ಲೇ ಸುಧಾರಿಸುತ್ತಾರೆ. ಆ ಮಾತು ಹೇಳುವವರು ಪರೀಕ್ಷೆಯ ಕೋಣೆಯಲ್ಲಿ ಇರುವುದಿಲ್ಲ, ಇರಲೂಬಾರದು. (ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ಬಂದ ಹುಡುಗರ ಕಾಲು ಬೇಗ ಸಡಿಲ ಆಗುತ್ತದೆ ಅಂತ ನನ್ನ ಅಂದಾಜು. ಇದಕ್ಕೆ ಅಧ್ಯಯನ ಗಿಧ್ಯಯನ ಏನೂ ಇಲ್ಲ, ಸುಮ್ನೆ ನೋಡಿದ್ದು.)

ಒಂದೇ ಸಲ ಅಂತ ಯಾಕೆ ಇಟ್ಟರು? ಅದಕ್ಕೂ ಕಾರಣ ಇದೆ. ಇಂಥ ಪರೀಕ್ಷೆಯಲ್ಲಿ ಎರಡನೇ ಸಲ ಕೂತವರ ಅಂಕ ತಾನಾಗಿಯೇ ಏರುತ್ತದೆ. ಎಲ್ಲರೂ ಮೊದಲ ಸಲವೇ ಕೂತರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ ಆಗುತ್ತದೆ ಅನ್ನುವ ಲೆಕ್ಕ. ಅಭ್ಯಾಸ ಮಾಡುವ ದಾರಿಯೇ ಯಾರಿಗೂ ಇಲ್ಲದ ಕಾಲದಲ್ಲಿ ಈ ಲೆಕ್ಕ ಸರಿಯಾಗಿತ್ತು. ಈಗ ದೊಡ್ಡ ಊರುಗಳ ಕೋಚಿಂಗ್ ಸೆಂಟರುಗಳಲ್ಲಿ ಸಿಪಿಎಸ್‌ಎಸ್ ಥರದ್ದೇ ಸಾಫ್ಟ್‌ವೇರ್, ಸ್ಟಿಕ್, ಪೆಡಲ್ ಇಟ್ಟು ಫೀಸು ತಗೊಂಡು ಅಭ್ಯಾಸ ಮಾಡಿಸುತ್ತಾರೆ. ಮನೆಯಲ್ಲೇ ಗೇಮ್ ಕನ್ಸೋಲ್ ಇಟ್ಟುಕೊಂಡು ಬೆಳೆದ ಮಕ್ಕಳಿದ್ದಾರೆ. ಅವರ ಪಾಲಿಗೆ ಅದು ಮೊದಲ ಸಲವೇ ಅಲ್ಲ. ಶಹಾಪುರ, ಔರಾದ್, ಚಿಂಚೋಳಿಯಿಂದ ಹೋದವರಿಗೆ ಮಾತ್ರ ಅದು ನಿಜವಾಗಿಯೂ ಮೊದಲ ಸಲ. ಸಮಾನತೆಗೆ ಅಂತ ಇಟ್ಟ ನಿಯಮ ಹೀಗೆ ತಲೆಕೆಳಗಾಗಿದೆ. ನಾನು ನಮ್ಮ ಭಾಗಕ್ಕೆ ಮೀಸಲಾತಿ ಕೇಳುತ್ತಿಲ್ಲ, ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಸೇನೆಗೆ ಅನ್ವಯ ಆಗುವುದೂ ಇಲ್ಲ, ಆಗಲೂಬಾರದು. ಅಳತೆ ಸರಿಯಾಗಿರಲಿ ಅಂತ ಅಷ್ಟೇ.

ನಮ್ಮ ಕಡೆ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಕಲಿಯುವಾಗ ಮೊದಲ ರೊಟ್ಟಿ ಎಲ್ಲರದ್ದೂ ಹರಿಯುತ್ತದೆ. ಅಜ್ಜಿ ನೋಡುವುದು ಆರನೆಯದನ್ನು. ಪೈಲಟ್ ಪರೀಕ್ಷೆಯೂ ಹಾಗೇ ಆಗಬೇಕು. ಎಲ್ಲರಿಗೂ ಒಂದೇ ಯಂತ್ರ, ಒಂದೇ ಸೂಚನೆ, ಒಂದೇ ಅವಧಿಯ ಅಭ್ಯಾಸ ಕೊಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಕೂರಿಸಿ, ಮಾರನೇ ದಿನ ಇನ್ನೊಂದು ಸಲ ಕೂರಿಸಿ. ಮೊದಲ ಅಂಕ ಎಷ್ಟು, ಕೊನೆಯ ಅಂಕ ಎಷ್ಟು, ಮಧ್ಯೆ ಏರಿಕೆ ಹೇಗಿತ್ತು, ಎಲ್ಲಿ ನಿಂತಿತು ಅಂತ ನೋಡಿ. ಕೋಚಿಂಗ್‌ನಲ್ಲಿ ಉಜ್ಜಿ ಬಂದವನು ಮೇಲೆಯೇ ಶುರುಮಾಡಿ ಅಲ್ಲೇ ನಿಲ್ಲಬಹುದು. ಕೆಳಗೆ ಶುರುಮಾಡಿದ ಹುಡುಗಿ ಮೂರನೇ ಸುತ್ತಿಗೆ ಅವನನ್ನು ದಾಟಬಹುದು, ದಾಟದೆಯೂ ಇರಬಹುದು. ದಾಟದಿದ್ದರೆ ಆ ಫಲಿತಾಂಶವನ್ನು ನಾನೂ ಒಪ್ಪುತ್ತೇನೆ. ಆಯ್ಕೆ ಮಂಡಳಿಯಲ್ಲಿ ಅವರು ಹೇಗೂ ಐದು ದಿನ ಇರುತ್ತಾರೆ, ಸಮಯ ಇಲ್ಲ ಅನ್ನುವ ಮಾತು ನಡೆಯುವುದಿಲ್ಲ. ಜೊತೆಗೆ ಅಭ್ಯಾಸದ ಒಂದು ಸಾಫ್ಟ್‌ವೇರನ್ನು ವಾಯುಪಡೆಯೇ ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟುಬಿಟ್ಟರೆ ಕೋಚಿಂಗ್ ಅಂಗಡಿಗಳ ಅರ್ಧ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವಲ್ಲ. ಕೆನಡಾದವರು ಸಿಎಪಿಎಸ್‌ಎಸ್ ಅಂತ ಒಂದು ವ್ಯವಸ್ಥೆ ಮಾಡಿದ್ದರು. ಅಭ್ಯರ್ಥಿಯನ್ನು ಸಣ್ಣ ಸಿಮ್ಯುಲೇಟರಿನಲ್ಲಿ ಕೂರಿಸಿ, ನೇರ ಹಾರು, ತಿರುಗು, ಏರು, ಇಳಿ ಅಂತ ಹಂತ ಹಂತವಾಗಿ ಕಲಿಸಿ, ಹಲವು ಸುತ್ತು ಹಾರಿಸಿ, ಕಲಿಕೆ ಹೇಗೆ ಸಾಗಿತು ಅಂತ ಯಂತ್ರವೇ ಲೆಕ್ಕ ಹಾಕುತ್ತಿತ್ತು. ಜರ್ಮನಿಯವರೂ ಫುರ್ಸ್ಟೆನ್‌ಫೆಲ್ಡ್‌ಬ್ರುಕ್ ಅನ್ನುವ ಊರಲ್ಲಿ ಇಂಥದ್ದೇ ಸಿಮ್ಯುಲೇಟರ್ ಪರೀಕ್ಷೆ ನಡೆಸಿದ್ದಾರೆ. ಕೆನಡಾದ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಯಂತ್ರಗಳು ಹಳೆಯದಾದವು, ಬಿಡಿಭಾಗ ಸಿಗದಾಯಿತು, ಕೊನೆಗೆ ಅದನ್ನು ಬಿಟ್ಟು ಬ್ರಿಟಿಷ್ ವಾಯುಪಡೆಯ ಕಂಪ್ಯೂಟರ್ ಪರೀಕ್ಷೆಗಳನ್ನು ತಂದುಕೊಂಡರು. ಅಮೆರಿಕದವರಿಗೂ ಇದೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಸ್ಟಿಕ್ಕು ಪೆಡಲ್ಲಿನ ಯಂತ್ರಗಳಿಂದ ಅವರಿಗೆ ತುಂಬಾ ಲಾಭವಾಗಿತ್ತು, ಆದರೆ ಊರಿಗೊಂದು ಯಂತ್ರ ಇಟ್ಟಾಗ ಒಂದರ ಅಳತೆ ಇನ್ನೊಂದಕ್ಕೆ ಹೊಂದಲಿಲ್ಲ, ರಿಪೇರಿ ಸಾಕಾಯಿತು, 1955ರಲ್ಲಿ ಬಿಟ್ಟೇಬಿಟ್ಟರು. ಕಂಪ್ಯೂಟರ್ ಬಂದಮೇಲೆ ಮತ್ತೆ ಶುರುವಾಯಿತು. ಅಂದರೆ ಪರೀಕ್ಷೆ ಚೆನ್ನಾಗಿದ್ದರಷ್ಟೇ ಸಾಲದು. ದೇಶದಲ್ಲಿರುವ ಎಲ್ಲಾ ಯಂತ್ರಗಳೂ ಒಂದೇ ಥರ ಅಳೆಯಬೇಕು. ಒಂದು ಕಡೆ ಪೆಡಲ್ ಬಿಗಿ, ಇನ್ನೊಂದು ಕಡೆ ಸಡಿಲ ಅಂದರೆ ಹಣೆಬರಹವೇ ಬದಲಾಗುತ್ತದೆ, ಅಲ್ವಾ?

ಇವತ್ತು ಅಮೆರಿಕದ ವಾಯುಪಡೆ ಪಿಸಿಎಸ್‌ಎಂ ಅನ್ನುವ ಒಂದೇ ಅಂಕ ಕೊಡುತ್ತದೆ, 1ರಿಂದ 99ರವರೆಗೆ. ಲಿಖಿತ ಪರೀಕ್ಷೆಯ ಪೈಲಟ್ ಭಾಗ, ಟಿಬಿಎಎಸ್ ಅನ್ನುವ ಸ್ಟಿಕ್ಕು ಪೆಡಲ್ಲಿನ ಪರೀಕ್ಷೆ, ಅಭ್ಯರ್ಥಿ ಈಗಾಗಲೇ ಹಾರಿಸಿದ ಗಂಟೆಗಳು, ಮೂರನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಟಿಬಿಎಎಸ್ ಅನ್ನು ಸ್ವಲ್ಪ ಕಾಲ ಬಿಟ್ಟು ಮತ್ತೆ ಕೊಡಬಹುದು, ಎಷ್ಟು ಸಲ ಅನ್ನುವುದಕ್ಕೆ ಮಿತಿ ಇದೆ ಅಷ್ಟೇ. ಹಾರಿಸಿದ ಗಂಟೆಗೆ ಅಂಕ ಕೊಡುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ದುಡ್ಡಿದ್ದವರಿಗೆ ಅದು ಅನುಕೂಲ. ಕೂಡಿಸುವ ಪದ್ಧತಿ ಮಾತ್ರ ನಾವು ಕಲಿಯುವಂಥದ್ದು.

ಯಾಕೆ ಅಂದರೆ ನಮ್ಮಲ್ಲಿ ಕೂಡಿಸುವುದೇ ಇಲ್ಲ. ಎನ್‌ಡಿಎ ತಗೊಳ್ಳಿ. ಗಣಿತ 300, ಸಾಮಾನ್ಯ ಸಾಮರ್ಥ್ಯ 600, ಎಸ್‌ಎಸ್‌ಬಿ 900, ಒಟ್ಟು 1800ಕ್ಕೆ ಮೆರಿಟ್ ಪಟ್ಟಿ. ಇದರಲ್ಲಿ ಸಿಪಿಎಸ್‌ಎಸ್‌ಗೆ ಎಷ್ಟು ಅಂಕ? ಸೊನ್ನೆ. ಅದು ಬರೀ ಗೇಟು. ಕೂದಲೆಳೆಯಲ್ಲಿ ದಾಟಿದವನೂ ಒಂದೇ, ಅದ್ಭುತವಾಗಿ ಮಾಡಿದವಳೂ ಒಂದೇ. ಕೂದಲೆಳೆಯಲ್ಲಿ ತಪ್ಪಿಸಿಕೊಂಡವರು ಮಾತ್ರ ಜೀವನಪೂರ್ತಿ ಹೊರಗೆ. ವಿಮಾನ ಹಾರಿಸುವ ಶಕ್ತಿಯನ್ನು ನೇರವಾಗಿ ಅಳೆಯುವ ಒಂದೇ ಪರೀಕ್ಷೆಗೆ ಮೆರಿಟ್‌ನಲ್ಲಿ ಜಾಗವಿಲ್ಲ, ಇಂಗ್ಲಿಷ್ ವ್ಯಾಕರಣಕ್ಕೆ ಇದೆ. ಇದನ್ನು ಬದಲಾಯಿಸಲು ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಫ್ಲೈಯಿಂಗ್ ಬ್ರಾಂಚ್ ಕೇಳಿದವರಿಗೆ ಸಿಪಿಎಸ್‌ಎಸ್ ಅಂಕವನ್ನೂ ಸೇರಿಸಿ ಪಟ್ಟಿ ಮಾಡಿದರೆ ಆಯಿತು. ತೀರಾ ಕೆಳಗಿನವರನ್ನು ಈಗಿನಂತೆ ತಡೆಯಿರಿ, ಗಡಿಯ ಹತ್ತಿರ ಇರುವವರಿಗೆ ಒಂದು ವರ್ಷ ಬಿಟ್ಟು ಇನ್ನೊಂದೇ ಒಂದು ಅವಕಾಶ ಕೊಡಿ. ಗಡಿ ಅನ್ನುವುದು ಎಷ್ಟು ತೆಳು ಅನ್ನುವುದಕ್ಕೆ ಅಬ್ದುಲ್ ಕಲಾಂ ಅವರೇ ಸಾಕ್ಷಿ. ಡೆಹ್ರಾಡೂನಿನ ಆಯ್ಕೆ ಮಂಡಳಿಯಲ್ಲಿ 25 ಜನರಲ್ಲಿ ಅವರು 9ನೆಯವರು, ತಗೊಂಡಿದ್ದು 8 ಜನರನ್ನು.

ಇನ್ನು ಸಂಶೋಧನೆ ಏನು ಹೇಳುತ್ತದೆ ಅಂತ ನೀವು ಭೌತಶಾಸ್ತ್ರದವರು ಕೇಳಿಯೇ ಕೇಳುತ್ತೀರಿ. ಪೈಲಟ್ ಆಯ್ಕೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕೆಲಸ 1990ರ ದಶಕದಲ್ಲಿ ನಡೆದಿದೆ. ಯಾವ ಒಂದು ಪರೀಕ್ಷೆಯೂ ಒಂಟಿಯಾಗಿ ತರಬೇತಿಯ ಫಲಿತಾಂಶವನ್ನು ಹೇಳಲಾರದು. ಬುದ್ಧಿಯ ಪರೀಕ್ಷೆಯಾಗಲಿ, ಕೈ ಕಾಲಿನ ಪರೀಕ್ಷೆಯಾಗಲಿ, ಸಹಸಂಬಂಧ (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಹೊಂದಿಕೆ) ಸುಮಾರು 0.2ರಿಂದ 0.3ರ ಆಸುಪಾಸು. ವ್ಯಕ್ತಿತ್ವದ ಪರೀಕ್ಷೆ ಇನ್ನೂ ಕಡಿಮೆ. ಹಲವನ್ನು ಕೂಡಿಸಿದಾಗ ಮಾತ್ರ ಏರುತ್ತದೆ. 0.25 ಅಂದರೆ ಸಾವಿರ ಜನರ ಗುಂಪಿನಲ್ಲಿ ಲಾಭ ಚೆನ್ನಾಗಿ ಕಾಣುತ್ತದೆ, ಒಬ್ಬ ಹುಡುಗಿಯ ಬಗ್ಗೆ ಇದೇ ಕೊನೆಯ ಮಾತು ಅನ್ನುವಷ್ಟು ಬಲ ಅದಕ್ಕಿಲ್ಲ.

ಅದರಲ್ಲೂ ಒಂದು ಸೂಕ್ಷ್ಮ ಇದೆ. ಫೇಲಾದವರನ್ನು ನಾವು ಹಾರಲು ಬಿಡುವುದೇ ಇಲ್ಲ. ಹಾಗಾದರೆ ಅವರು ಹಾರುತ್ತಿದ್ದರಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಪಾಸಾದವರ ಅಂಕಿಅಂಶ ಇಟ್ಟುಕೊಂಡು ಪರೀಕ್ಷೆ ಸರಿ ಅನ್ನುವುದು ಅರ್ಧ ಸಾಕ್ಷಿ ಕೇಳಿ ತೀರ್ಪು ಕೊಟ್ಟ ಹಾಗೆ. ಇದನ್ನು ಸರಿಯಾಗಿ ಮಾಡಿದವರು ಯುದ್ಧಕಾಲದ ಅಮೆರಿಕದವರು. ಜಾನ್ ಫ್ಲಾನಗನ್ ಅನ್ನುವ ಮನೋವಿಜ್ಞಾನಿಯ ತಂಡ 1943ರ ಹೊತ್ತಿಗೆ ಸಾವಿರಕ್ಕೂ ಜಾಸ್ತಿ ಹುಡುಗರಿಗೆ ಪರೀಕ್ಷೆ ಮಾಡಿ, ಅಂಕ ಏನೇ ಬಂದಿರಲಿ, ಎಲ್ಲರನ್ನೂ ಪೈಲಟ್ ತರಬೇತಿಗೆ ಕಳಿಸಿತು. ಯುದ್ಧದ ನಡುವೆ ಇಂಥ ಪ್ರಯೋಗಕ್ಕೆ ಒಪ್ಪಿದ ಅಧಿಕಾರಿಗಳಿಗೆ ಒಂದು ಸಲಾಂ. ಫಲಿತಾಂಶ ಪರೀಕ್ಷೆಯ ಪರವಾಗಿಯೇ ಬಂತು. ಒಂಬತ್ತು ದರ್ಜೆಗಳಲ್ಲಿ ತೀರಾ ಕೆಳಗಿದ್ದವರಲ್ಲಿ ತರಬೇತಿ ದಾಟಿದವರು ಬೆರಳೆಣಿಕೆ, ಮೇಲೆ ಹೋದಂತೆ ದಾಟುವವರು ಹೆಚ್ಚುತ್ತಾ ಹೋದರು. ಅದಕ್ಕೇ ನಾನು ಪರೀಕ್ಷೆ ಬೇಕೇ ಬೇಕು ಅಂದಿದ್ದು. ನಮ್ಮಲ್ಲಿ ಸಾವಿರ ಜನ ಬೇಡ, ಪ್ರತಿ ವರ್ಷ ಗಡಿಯಿಂದ ಸ್ವಲ್ಪವೇ ಕೆಳಗೆ ಉಳಿದ ಕೆಲವರನ್ನು ಗುಟ್ಟಾಗಿ, ಅಂದರೆ ತರಬೇತುದಾರರಿಗೂ ಗೊತ್ತಾಗದ ಹಾಗೆ, ಒಳಗೆ ತಗೊಂಡು ನೋಡಿದರೂ ಹತ್ತು ವರ್ಷದಲ್ಲಿ ಗಡಿ ಸರಿಯಾದ ಜಾಗದಲ್ಲಿದೆಯಾ ಅಂತ ಗೊತ್ತಾಗುತ್ತದೆ.

ತರಬೇತುದಾರರಿಗೆ ಗೊತ್ತಾಗಬಾರದು ಅಂದಿದ್ದು ಸುಮ್ನೆ ಅಲ್ಲ. ಈ ಹುಡುಗ ಕಡಿಮೆ ಅಂಕದವನು ಅಂತ ಮೊದಲೇ ತಿಳಿದರೆ ಅವನ ಒಂದೊಂದು ತಪ್ಪೂ ದೊಡ್ಡದಾಗಿ ಕಾಣುತ್ತದೆ. ನಾವೂ ಮನುಷ್ಯರೇ. ಒಂದೇ ಲ್ಯಾಂಡಿಂಗಿಗೆ ಒಬ್ಬ ತರಬೇತುದಾರ ಪರವಾಗಿಲ್ಲ ಅನ್ನುತ್ತಾನೆ, ಇನ್ನೊಬ್ಬ ಮತ್ತೊಂದು ಡ್ಯೂಯಲ್ (ತರಬೇತುದಾರನ ಜೊತೆಗಿನ ಹಾರಾಟ) ಬೇಕು ಅನ್ನುತ್ತಾನೆ. ಪರೀಕ್ಷೆಯನ್ನು ಈ ಅಭಿಪ್ರಾಯಗಳ ಜೊತೆ ಮಾತ್ರ ಹೋಲಿಸಿದರೆ ಅಳತೆಗೋಲೇ ಅಲುಗಾಡುತ್ತದೆ. ಸೋಲೋಗೆ, ಅಂದರೆ ಒಬ್ಬನೇ ಹಾರುವುದಕ್ಕೆ, ಎಷ್ಟು ಸಾರ್ಟಿ (ಹಾರಾಟ) ಬೇಕಾಯಿತು, ಒಂದೇ ತಪ್ಪು ಎಷ್ಟು ಸಾರ್ಟಿವರೆಗೆ ಮರುಕಳಿಸಿತು, ರನ್‌ವೇ ಸುತ್ತು ಹಾಕುವ ಸರ್ಕ್ಯೂಟಿನಲ್ಲಿ ಎತ್ತರ ಎಷ್ಟು ಏರುಪೇರಾಯಿತು ಅನ್ನುವ ಲೆಕ್ಕ ಇಂದಿನ ಸಿಮ್ಯುಲೇಟರುಗಳಿಂದ, ವಿಮಾನದ ರೆಕಾರ್ಡರಿನಿಂದ ಸಿಗುತ್ತದೆ. ಅದನ್ನು ಬಳಸಬೇಕು.

ಈಗ ಬೀದರ್ ವಿಷಯಕ್ಕೆ ಬರುತ್ತೇನೆ. ಹುಡುಗರು ಮೊದಲು ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಪಿಸಿ-7 ತರಬೇತಿ ವಿಮಾನ ಹಾರಿಸುತ್ತಾರೆ. ಆಮೇಲೆ ಫೈಟರ್, ಹೆಲಿಕಾಪ್ಟರ್, ಟ್ರಾನ್ಸ್‌ಪೋರ್ಟ್ ಅಂತ ಭಾಗ ಆಗುತ್ತಾರೆ. ಟ್ರಾನ್ಸ್‌ಪೋರ್ಟಿನವರು ಡಾರ್ನಿಯರ್ ಹಾರಿಸಲು ಯಲಹಂಕಕ್ಕೆ ಹೋಗುತ್ತಾರೆ. ಫೈಟರಿನವರು ಮುಂದೆ ಹಾಕ್ ಅನ್ನುವ ತರಬೇತಿ ಜೆಟ್ ಹಾರಿಸಲು ನಮ್ಮ ಬೀದರ್‌ಗೆ ಬರುತ್ತಾರೆ. ಊರಿನ ಜನರಿಗೆ ಆ ಸದ್ದು ಚೆನ್ನಾಗಿ ಗೊತ್ತು, ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ಮನೆಯೂ ಇಲ್ಲೇ ಅಲ್ವಾ. ಒಬ್ಬ ಹುಡುಗನ ಹಾರಾಟದ ಬಗ್ಗೆ ಅತಿ ಹೆಚ್ಚು ಗೊತ್ತಿರುವುದು ದುಂಡಿಗಲ್‌ಗೆ, ಬೀದರ್‌ಗೆ. ಇಲ್ಲಿನ ಕಡತವನ್ನು ಆ ಹುಡುಗನ ಆಯ್ಕೆ ದಿನದ ಅಂಕದ ಪಕ್ಕದಲ್ಲಿಟ್ಟು ಪ್ರತಿ ವರ್ಷ ನೋಡಬೇಕು. ಯಾವ ಉಪಪರೀಕ್ಷೆಯಲ್ಲಿ ಮಿಂಚಿದವರು ಹಾಕ್ ಮೇಲೂ ಮಿಂಚಿದರು, ಯಾವುದು ಸುಮ್ನೆ ಸಮಯ ತಿನ್ನುತ್ತಿದೆ ಅಂತ ಆಗ ತಿಳಿಯುತ್ತದೆ. ಅದನ್ನು ಒಂದು ಸಲ ಮಾಡಿ ಬಿಟ್ಟರೆ ಆಗುವುದಿಲ್ಲ, ಯಾಕೆಂದರೆ ತರಬೇತಿಯೇ ಬದಲಾಗುತ್ತಿರುತ್ತದೆ. 2009ರಲ್ಲಿ ಮೊದಲ ಹಂತದ ತರಬೇತಿ ವಿಮಾನ ಎಚ್‌ಪಿಟಿ-32 ನಿಂತಿತು, ಮೊದಲ ಹಂತವನ್ನೂ ಕಿರಣ್ ಜೆಟ್‌ನಲ್ಲೇ ಕಲಿಸಬೇಕಾಯಿತು, 2013ರಲ್ಲಿ ಪಿಸಿ-7 ಬಂತು, ಈಗ ಎಚ್‌ಎಎಲ್‌ನ ಎಚ್‌ಟಿಟಿ-40ರ ಸರದಿ. ಒಂದು ವಿಮಾನಕ್ಕೆ ಹೊಂದಿದ ಗಡಿ ಇನ್ನೊಂದಕ್ಕೂ ಹೊಂದುತ್ತದೆ ಅಂತ ಏನು ಗ್ಯಾರಂಟಿ?

ಆಯ್ಕೆಯ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದೂ ಸರಿಯಲ್ಲ. 1982ರಲ್ಲೇ ಲಾ ಫಾಂಟೇನ್ ಸಮಿತಿ, ಅಪಘಾತ ಕಡಿಮೆಯಾಗಬೇಕಾದರೆ ಅಡ್ವಾನ್ಸ್ಡ್ ಜೆಟ್ ಟ್ರೈನರ್ ಬೇಕು ಅಂತ ಹೇಳಿತು. ಹಾಕ್ ಒಪ್ಪಂದ ಆಗಿದ್ದು 2004ರಲ್ಲಿ, ಬೀದರ್‌ನಲ್ಲಿ ಅದು ಸೇವೆಗೆ ಸೇರಿದ್ದು 2008ರಲ್ಲಿ. ನಡುವಿನ ಅಷ್ಟು ವರ್ಷ ಹುಡುಗರು ನಿಧಾನದ ಟ್ರೈನರಿನಿಂದ ಇಳಿದು ಸೀದಾ ಮಿಗ್-21 ಹತ್ತುತ್ತಿದ್ದರು. ಅಪಘಾತವಾದಾಗ ಹುಡುಗರದ್ದೇ ತಪ್ಪು ಅಂದವರೂ ಇದ್ದರು. ಎಷ್ಟು ಒಳ್ಳೆಯವರನ್ನು ಆರಿಸಿದರೂ ಮಧ್ಯದ ಮೆಟ್ಟಿಲೇ ಇಲ್ಲದಿದ್ದರೆ ಏನು ಮಾಡುತ್ತಾರೆ?

ನಿಜವಾದ ವಿಮಾನದಲ್ಲೇ ಹತ್ತಿಪ್ಪತ್ತು ಗಂಟೆ ಹಾರಿಸಿ ಆಮೇಲೆ ಆರಿಸಬಾರದಾ ಅಂತ ಕೆಲವರು ಕೇಳುತ್ತಾರೆ. ಅದು ಎಲ್ಲಕ್ಕಿಂತ ನಿಖರ, ಖರ್ಚೂ ಎಲ್ಲಕ್ಕಿಂತ ಜಾಸ್ತಿ. ಅಪಾಯವೂ ಇದೆ. ಅಮೆರಿಕದವರು ಇದಕ್ಕೆಂದೇ ಟಿ-3 ಫೈರ್‌ಫ್ಲೈ ಅನ್ನುವ ಸಣ್ಣ ವಿಮಾನ ತಂದು, 1995ರಿಂದ 1997ರೊಳಗೆ ಮೂರು ಅಪಘಾತಗಳಲ್ಲಿ ಆರು ಜನರನ್ನು ಕಳೆದುಕೊಂಡು, ಕೊನೆಗೆ ಅದನ್ನು ನಿಲ್ಲಿಸಿದರು. ಆಮೇಲೆ ಕೊಲರಾಡೊದ ಪ್ಯೂಬ್ಲೊದಲ್ಲಿ ಡಿಎ-20 ಅನ್ನುವ ಸಾಧು ವಿಮಾನದಲ್ಲಿ ಮಾಡಿದರು. ನಮ್ಮಲ್ಲಿ ಅರ್ಜಿದಾರರ ಸಂಖ್ಯೆಗೆ ಮೊದಲ ಹಂತದಲ್ಲೇ ಇದು ಆಗದ ಮಾತು. ಒಳ್ಳೆಯ ಸಿಮ್ಯುಲೇಟರಿನಲ್ಲಿ ಎರಡು ದಿನ ಕಲಿಸಿ ನೋಡಿದರೆ ಅರ್ಧ ದಾರಿ ಬಂದ ಹಾಗೆ.

ವಾಂತಿಯ ಬಗ್ಗೆ ಎರಡು ಮಾತು, ಯಾರೂ ಹೇಳುವುದಿಲ್ಲ. ಮೊದಲ ಸಾರ್ಟಿಗಳಲ್ಲಿ ಹೊಟ್ಟೆ ತೊಳಸುವುದು ಮಾಮೂಲು. ಬಹಳಷ್ಟು ಜನರಿಗೆ ಕೆಲವೇ ಹಾರಾಟದಲ್ಲಿ ಹೋಗುತ್ತದೆ, ಹೋಗದವರಿಗೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಅಭ್ಯಾಸ ಮಾಡಿಸಿ ಸರಿಪಡಿಸುವ ವ್ಯವಸ್ಥೆ ಇದೆ. ಇದೂ ಕಲಿಕೆಯೇ. ಬಸ್ಸಿನಲ್ಲಿ ವಾಂತಿ ಮಾಡುವ ಹುಡುಗ ಪೈಲಟ್ ಆಗಲಾರ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಆರಿಸುವ ಪರೀಕ್ಷೆ ಎಷ್ಟೇ ಚೆನ್ನಾಗಿರಲಿ, ಕೂರುವವರೇ ಕಡಿಮೆ ಇದ್ದರೆ ಆಯ್ಕೆ ಬಡವಾಗುತ್ತದೆ. 2016ರವರೆಗೆ ಫೈಟರ್‌ಗೆ ಹೆಣ್ಣುಮಕ್ಕಳನ್ನು ತಗೊಳ್ಳುತ್ತಲೇ ಇರಲಿಲ್ಲ. ಆ ವರ್ಷ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದುಂಡಿಗಲ್‌ನಿಂದ ಹೊರಬಂದು ಬೀದರ್‌ನಲ್ಲಿ ಹಾಕ್ ಹಾರಿಸಿದರು. ಪರೀಕ್ಷೆ ಬದಲಾಗಿರಲಿಲ್ಲ, ಬಾಗಿಲು ತೆರೆದಿತ್ತು ಅಷ್ಟೇ. ಹಾಗೆಯೇ ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ವಾಯುಪಡೆಯಲ್ಲಿ ಇಂಗ್ಲಿಷ್ ಬೇಕು, ರೇಡಿಯೋದಲ್ಲಿ ಅದೇ ಭಾಷೆ, ಅದನ್ನು ಕಲಿಯಲೇಬೇಕು. ಆದರೆ ಡಯಲ್ ನೋಡಿ ವಿಮಾನದ ಸ್ಥಿತಿ ಹೇಳುವ ಪರೀಕ್ಷೆಯ ಸೂಚನೆ ಅರ್ಥವಾಗದೆ ಒಬ್ಬ ಹುಡುಗ ಅಂಕ ಕಳೆದುಕೊಂಡರೆ ಅಲ್ಲಿ ಅಳೆದದ್ದು ಬೇರೆ ಏನನ್ನೋ. ಸೂಚನೆಯ ವಿಡಿಯೋವನ್ನು ಕನ್ನಡ, ತಮಿಳು, ಮರಾಠಿಯಲ್ಲೂ ಮೊದಲೇ ಹಾಕಿಟ್ಟರೆ ಯಾರಿಗೆ ನಷ್ಟ?

ನಿಮ್ಮ ಹುಡುಗಿಗೆ ಬರುತ್ತೇನೆ. ನಾನು ಹೇಳಿದ್ದೆಲ್ಲ ಆಗಬೇಕಾದ್ದು, ಆಗಿರುವುದಲ್ಲ. ನಿಯಮ ಬದಲಾಗುತ್ತದೆ ಅಂತ ಅವಳು ಕಾಯುವುದು ಬೇಡ. ಎಎಫ್‌ಕ್ಯಾಟ್‌ನಲ್ಲಿ ಗ್ರೌಂಡ್ ಡ್ಯೂಟಿಯನ್ನೂ ಆಯ್ಕೆಯಾಗಿ ಕೊಟ್ಟಿದ್ದರೆ ಅದು ಇನ್ನೂ ಜೀವಂತ, ಕೊಟ್ಟಿರದಿದ್ದರೆ ಮುಂದಿನ ಸಲ ಅದಕ್ಕೇ ಅರ್ಜಿ ಹಾಕಲಿ. ಐದು ದಿನದ ಪರೀಕ್ಷೆಯಲ್ಲಿ ಒಪ್ಪಿಗೆ ಪಡೆದವಳು, ಅದು ಸಣ್ಣ ವಿಷಯವಲ್ಲ. ಹಾರಲೇಬೇಕು ಅಂದರೆ ನಾಗರಿಕ ವಿಮಾನಯಾನಕ್ಕೆ ಸಿಪಿಎಸ್‌ಎಸ್ ಬೇಕಾಗಿಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಮೆಡಿಕಲ್, ಪರೀಕ್ಷೆಗಳು, 200 ಗಂಟೆ ಹಾರಾಟ ಮುಗಿಸಿದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಕಲಬುರಗಿ ವಿಮಾನ ನಿಲ್ದಾಣದಲ್ಲೇ ಹಾರಾಟ ಕಲಿಸುತ್ತಾರೆ. ಖರ್ಚು ಹತ್ತಾರು ಲಕ್ಷ, ಅದನ್ನು ಮುಚ್ಚಿಡುವುದಿಲ್ಲ. ಸಾಲ ಮಾಡುವ ಮುಂಚೆ ಮೆಡಿಕಲ್ ಮಾಡಿಸಲಿ, ಕಲಿಸುವ ಸಂಸ್ಥೆಯಲ್ಲಿ ಈಗ ಓದುತ್ತಿರುವ ಮಕ್ಕಳನ್ನು ಹೊರಗೆ ಚಹಾದಂಗಡಿಯಲ್ಲಿ ಕೂರಿಸಿ ವಾರಕ್ಕೆ ಎಷ್ಟು ಗಂಟೆ ವಿಮಾನ ಸಿಗುತ್ತದೆ ಅಂತ ಕೇಳಲಿ.

ಎನ್‌ಡಿಎ ಹುಡುಗನಿಗೆ ಮೊದಲ ಕೆಲಸ ಪುಸ್ತಕವಲ್ಲ, ಟೇಪು. ಎರಡು ವರ್ಷ ಓದಿ, ಎಸ್‌ಎಸ್‌ಬಿ ದಾಟಿ, ಕೊನೆಗೆ ಮೆಡಿಕಲ್‌ನಲ್ಲಿ ತೊಡೆ ಉದ್ದ ಜಾಸ್ತಿ ಅಂತ ಮನೆಗೆ ಬಂದ ಹುಡುಗರಿದ್ದಾರೆ. ಕಾಕ್‌ಪಿಟ್ಟಿನಲ್ಲಿ ಮೊಣಕಾಲು ತಗಲುವ ಹಾಗಿದ್ದರೆ ಸೀಟ್ ಹಾರಿಸಿಕೊಂಡು ಹೊರಬರುವಾಗ ಕಾಲೇ ಹೋಗುತ್ತದೆ, ಹಾಗಾಗಿ ಇದರಲ್ಲಿ ರಿಯಾಯಿತಿ ಕೇಳುವ ಹಾಗಿಲ್ಲ. ಆದರೆ ಈ ಅಳತೆಯನ್ನು ಕೊನೆಗೆ ಇಡುವ ಬದಲು ಮೊದಲೇ ಮಾಡಿ ಹೇಳಿದರೆ ಎಲ್ಲರಿಗೂ ಒಳ್ಳೆಯದು. ಅಲ್ಲಿಯವರೆಗೆ ನೀವೇ ಅಳೆಯಿರಿ. ಎತ್ತರ ಕಡಿಮೆ ಅಂದರೂ 162.5 ಸೆಂಟಿಮೀಟರ್. ಗೋಡೆಗೆ ಬೆನ್ನು ಒರಗಿಸಿ ನೆಟ್ಟಗೆ ಕೂತಾಗ ಆಸನದಿಂದ ತಲೆಯವರೆಗೆ 81.5ರಿಂದ 96. ಹಾಗೇ ಕೂತು ಕಾಲು ನೇರ ಚಾಚಿದಾಗ ಗೋಡೆಯಿಂದ ಹಿಮ್ಮಡಿಯವರೆಗೆ 99ರಿಂದ 120. ಮೊಣಕಾಲು ಮಡಚಿ ಕೂತಾಗ ಗೋಡೆಯಿಂದ ಮೊಣಕಾಲಿನ ಮುಂಭಾಗದವರೆಗೆ 64 ದಾಟಬಾರದು. ಅರ್ಜಿ ಹಾಕುವ ಮುಂಚೆ ಆ ವರ್ಷದ ಅಧಿಸೂಚನೆಯಲ್ಲಿ ಇದನ್ನು ಇನ್ನೊಮ್ಮೆ ನೋಡಿಕೊಳ್ಳಿ. ಆಮೇಲೆ ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಕಣ್ಣಿನ ಡಾಕ್ಟರ ಹತ್ತಿರ ದೂರದೃಷ್ಟಿ ಮತ್ತು ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ, ಚುಕ್ಕೆಗಳ ನಡುವೆ ಅಂಕಿ ಓದಿಸುವ ಇಶಿಹಾರ ಪುಸ್ತಕದಲ್ಲೇ ಆಗಬೇಕು ಅಂತ ಕೇಳಿ.

ಇದೆಲ್ಲ ಸರಿ ಇದ್ದರೆ ಒಂದು ಸಾಧಾರಣ ಯುಎಸ್‌ಬಿ ಜಾಯ್‌ಸ್ಟಿಕ್ ಮತ್ತು ಪೆಡಲ್ ಸೆಟ್ ಕಾಲೇಜಿನ ಹೆಸರಲ್ಲಿ ತರಿಸಿ, ಲ್ಯಾಬಿನ ಕಂಪ್ಯೂಟರಿಗೆ ಹಾಕಿ. ಫ್ಲೈಟ್‌ಗಿಯರ್ ಅನ್ನುವ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಅರ್ಧ ಗಂಟೆ, ಒಂದೇ ಎತ್ತರ, ಒಂದೇ ವೇಗ ಹಿಡಿದು ತಿರುಗುವುದನ್ನು ಮಾಡಲಿ, ಅದು ಕೈಗೆ ಹತ್ತಿದ ಮೇಲೆ ಹಾರಿಸುತ್ತಲೇ ಮಗ್ಗಿ ಹೇಳಲಿ. ಸಾಹಸ ಗೀಹಸ ಬೇಡ. ಅವನೊಬ್ಬನಿಗೇ ಅಲ್ಲ, ಸೈನ್ಸ್ ಓದುವ ಹುಡುಗಿಯರಿಗೂ ಸರದಿ ಹಾಕಿ ಕೂರಿಸಿ, ಎನ್‌ಡಿಎ ಈಗ ಅವರಿಗೂ ಇದೆ. ಪೆಡಲ್ ಸೆಟ್ ತರಿಸುವಾಗ ಎರಡೂ ಪೆಡಲ್ ಒಂದಕ್ಕೊಂದು ಜೋಡಿಸಿರುವುದನ್ನೇ ತಗೊಳ್ಳಿ, ಅಂದರೆ ಎಡ ಒತ್ತಿದರೆ ಬಲ ಹಿಂದೆ ಬರಬೇಕು. ಕಾರ್ ಗೇಮಿನ ಬಿಡಿ ಪೆಡಲ್ ತಂದರೆ ಕಾಲು ತಪ್ಪು ಅಭ್ಯಾಸ ಕಲಿಯುತ್ತದೆ.